ಆಹೇರಾದ ಮೇಲೆ ನೌಕರಿ

ನೌಕರಿ ಸಿಗಲಿ ಎಂದು ದೇವರಿಗೆ ತೆಂಗಿನಕಾಯಿ ಒಡೆದವನೇ, ಸಿಕ್ಕ ಮೇಲೆ ಅದೇ ದೇವರೆದುರು ನಿಂತು ಇದರಿಂದ ಬಿಡುಗಡೆ ಯಾವಾಗ ಎಂದು ಕೇಳುತ್ತಾನೆ. ಎರಡಕ್ಕೂ ಕಾಯಿ ಸಿಗುವುದರಿಂದ ದೇವರು ಏನೂ ಅನ್ನುವುದಿಲ್ಲ. ನಾನೂ ಈ ಪೈಕಿಯವನೇ. ನಾರಾಯಣಖೇಡದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದೆ. ಹೆಸರು ಕೇಳಿ ಹೆದರಬೇಡಿ, ನನ್ನ ಕಂಟ್ರೋಲಿನಲ್ಲಿ ಏನೂ ಇರಲಿಲ್ಲ. ರಸ್ತೆ ಒಪ್ಪಿದಾಗ ಬಸ್ಸು ಬರುತ್ತಿತ್ತು, ಬಂದದ್ದನ್ನು ನಾನು ಬರೆದುಕೊಳ್ಳುತ್ತಿದ್ದೆ. ಸೀಟಿ ಊದುತ್ತಿದ್ದೆ, ಡ್ರೈವರ್ ಚಹಾ ಮುಗಿದ ಮೇಲೆ ಹೊರಡುತ್ತಿದ್ದ. ಆ ಸೀಟಿಯಾದರೂ ಸ್ವಂತದ್ದು, ಬೀದರದ ಪೇಟೆಯಲ್ಲಿ ಆರಿಸಿ ತಂದದ್ದು. ಅದರ ದನಿ ಎಷ್ಟು ಜೋರೆಂದರೆ ನಾನು ಊದಿದಾಗ ಬೇಳೆ ಮಂಡಿಯಲ್ಲಿ ಮೇಯುತ್ತಿದ್ದ ಆಡುಗಳೂ ಕತ್ತೆತ್ತಿ ನೋಡುತ್ತಿದ್ದವು. ಇಷ್ಟೇ ನನ್ನ ಅಧಿಕಾರ, ಆದರೆ ಇದು ನನಗೆ ಬಹಳ ಸೇರುತ್ತಿತ್ತು ಎಂಬುದು ಆಗ ಗೊತ್ತಿರಲಿಲ್ಲ.

ಆಗ ಗೊತ್ತಿದ್ದದ್ದು ಬೇಸರ ಒಂದೇ. ಸಂಸ್ಥಾನ ಹೋಗಿ ಭಾಷೆ ನೋಡಿ ರಾಜ್ಯ ಹಂಚಿದಾಗ ನಮ್ಮ ಊರುಗಳು ಎದ್ದು ಎಲ್ಲಿಗೂ ಹೋಗಲಿಲ್ಲ, ಗಡಿಯ ಗೆರೆ ಮಾತ್ರ ನಮ್ಮನ್ನು ದಾಟಿ ಆಚೆ ಹೋಗಿ ಬಿತ್ತು. ಹೀಗಾಗಿ ನಾನು ಉರ್ದುವಿನಲ್ಲಿ ಓದಿ, ತೆಲುಗಿನಲ್ಲಿ ನೌಕರಿ ಮಾಡಿ, ಕನ್ನಡದಲ್ಲಿ ಬೈಸಿಕೊಳ್ಳುವವನಾದೆ. ಕೊನೆಯದು ಮನೆಯಲ್ಲಿ. ಬಸ್ ಸ್ಟ್ಯಾಂಡಿನ ಕಿಟಕಿಗೆ ಮಾತ್ರ ಮೂರೂ ಭಾಷೆಗಳಲ್ಲಿ ಒಂದೇ ಪ್ರಶ್ನೆ ಬರುತ್ತಿತ್ತು, ಜಹೀರಾಬಾದ್ ಬಸ್ಸು ಬಂತಾ ಎಂದು. ಬಸ್ಸು ಕಣ್ಣೆದುರು ನಿಂತು ಹೊಗೆ ಉಗುಳುತ್ತಿದ್ದರೂ ಅದಕ್ಕೆ ಬೆನ್ನು ಮಾಡಿ ನಿಂತು ಕೇಳುತ್ತಿದ್ದರು. ನಾನು ಬರ್ತದ, ಬರ್ತದ ಎಂದು ಹೇಳಿ ಹೇಳಿ ಅದು ನಾಲಿಗೆಗೆ ಅಂಟಿಬಿಟ್ಟಿತ್ತು. ಒಮ್ಮೆ ಊಟಕ್ಕೆ ಕೂತಾಗ ಹೆಂಡತಿ ನೀಲಮ್ಮ ತನ್ನ ತವರಿನ ಸುದ್ದಿ ಹೇಳುತ್ತ, ನಮ್ಮ ಕಾಕಾ ಹೋದರಂತ ಎಂದು ಕಣ್ಣೊರೆಸಿಕೊಂಡರೆ ನಾನು ಬರ್ತಾರ, ಬರ್ತಾರ ಅಂದೆನಂತೆ. ಅವಳು ನನ್ನ ತಟ್ಟೆಗೆ ಆಮೇಲೆ ಏನೂ ಬಡಿಸಲಿಲ್ಲ.

ಇಂಥ ಹೊತ್ತಿನಲ್ಲಿ ಹಣಮಂತ ಬಂದ. ಅವನು ನನ್ನ ಶಾಲೆಯ ಗೆಳೆಯ, ತಾಂಡೂರಿನವನು, ಕರಣಕೋಟದ ಸಿಮೆಂಟ್ ಫ್ಯಾಕ್ಟರಿಯಲ್ಲಿದ್ದವನು. ಕನ್ಯೆ ನೋಡುವ ಮಂದಿಯ ಜೊತೆ ನಮ್ಮೂರಿಗೆ ಬಂದು ಬಸ್ಸಿಳಿದಾಗ ನಾನು ಗುರುತೇ ಹಿಡಿಯಲಿಲ್ಲ. ತಲೆಗೆ ಎಣ್ಣೆ, ಬಾಯಲ್ಲಿ ಎಲೆ, ಮುಖದ ಮೇಲೆ ಹೊಸ ಮದುಮಗನ ಕಳೆ. ಏನಪ್ಪ ವಿಶೇಷ ಎಂದರೆ, ವಯಸ್ಸಿಗಿಂತ ಮೊದಲೇ ನೌಕರಿ ಬಿಟ್ಟೆ ಎಂದ. ಬಿಟ್ಟು ಏನು ಮಾಡುತ್ತೀ ಎಂದು ಕೇಳಿದೆ. ಅವನು ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ನಿಧಾನವಾಗಿ ಸಾಗಿಸಿದ. ಆ ನಿಧಾನವನ್ನು ನೋಡಿಯೇ ನನಗೆ ಹೊಟ್ಟೆ ಉರಿಯಿತು.

“ಮಧ್ಯಾಹ್ನ ಉಂಡು ಮಲಕೋತೀನಿ. ಎಚ್ಚರಾದಾಗ ಏಳ್ತೀನಿ. ಮತ್ತೇನ ಬೇಕೋ ಮನುಷ್ಯಗ?”

ಆ ಮಾತು ನನ್ನ ಎದೆಗೆ ನಾಟಿತು. ಇಷ್ಟು ವರ್ಷದಲ್ಲಿ ನಾನು ಮಧ್ಯಾಹ್ನ ಮಲಗಿದವನಲ್ಲ. ಜ್ವರ ಬಂದರೂ ಅದು ಸಂಜೆಗೆ ಬರುತ್ತಿತ್ತು. ಅಂದಿನಿಂದ ನನಗೆ ಮಧ್ಯಾಹ್ನದ ನಿದ್ದೆಯದೇ ಧ್ಯಾನ. ಅದರ ಜೊತೆಗೆ ಇನ್ನೊಂದು ಕನಸೂ ಸೇರಿತು. ಬಶೀರಾಬಾದಿನಲ್ಲಿ ನಮ್ಮ ಹೊಲವಿತ್ತು. ನಮ್ಮಣ್ಣ ಮಾಣಿಕಪ್ಪ ಅದನ್ನು ನೋಡಿಕೊಂಡಿದ್ದ. ನೌಕರಿ ಬಿಟ್ಟು ಅಣ್ಣನ ಜೊತೆ ತೊಗರಿ ಬೆಳೆಯುತ್ತೇನೆ, ಬೇವಿನ ನೆರಳಲ್ಲಿ ಬುತ್ತಿ ಬಿಚ್ಚುತ್ತೇನೆ, ಆಮೇಲೆ ಅಲ್ಲೇ ಮಲಗುತ್ತೇನೆ ಎಂದು ಕಿಟಕಿಯಲ್ಲಿ ಕೂತು ಲೆಕ್ಕ ಹಾಕುತ್ತಿದ್ದೆ. ಗಮನಿಸಿ, ಎಲ್ಲ ಕನಸೂ ಕೊನೆಗೆ ಮಲಗುವಲ್ಲಿಗೇ ಬಂದು ಮುಟ್ಟುತ್ತಿತ್ತು.

ನೀಲಮ್ಮನಿಗೆ ಹೇಳಿದೆ. ಉಪ್ಪಿನಕಾಯಿಗೆ ನೆಲ್ಲಿಕಾಯಿ ಹೆಚ್ಚುತ್ತಿದ್ದವಳು ಒಂದು ಹೋಳನ್ನು ಉಪ್ಪಿನಲ್ಲಿ ಹೊರಳಿಸಿ ಬಾಯಿಗೆ ಹಾಕಿಕೊಂಡು ಕಣ್ಣು ಕಿರಿದು ಮಾಡಿದಳು.

“ನಾ ಒಂದು ಹೋಳು ರುಚಿ ನೋಡದ ಭರಣಿ ತುಂಬಂಗಿಲ್ರಿ. ನೀವೂ ಒಂದು ತಿಂಗಳು ಸೂಟಿ ಹಾಕಿ ಮನ್ಯಾಗ ಕುಂತು ನೋಡ್ರಿ. ಜೀವಕ್ಕ ಸೇರಿದ್ರ ಬಿಡ್ರಿ, ಇಲ್ಲಂದ್ರ ಇಲ್ಲ.”

ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎಂದು ಯಾರು ಹೇಳಿದರೋ, ಅವರು ನೀಲಮ್ಮನ ಮೊಣಕಾಲನ್ನು ನೋಡಿಲ್ಲ. ನಾನು ಒಂದು ತಿಂಗಳು ರಜೆ ಹಾಕಿದೆ. ನನ್ನ ಜಾಗಕ್ಕೆ ಯಾದಗಿರಿ ಎಂಬ ಹೊಸ ಹುಡುಗನನ್ನು ಕಳಿಸಿದರು. ತೆಳ್ಳಗಿನ, ತೆಲುಗು ಮಾತಿನ, ಯಾವಾಗಲೂ ನಗುವ ಹುಡುಗ. ಪಾಪ, ಈ ಬಸ್ ಸ್ಟ್ಯಾಂಡು ಇವನ ಕೈಯಲ್ಲಿ ಎಷ್ಟು ದಿನ ನಿಂತೀತು ಎಂದು ಮನಸ್ಸಿನಲ್ಲೇ ಮರುಗಿ, ಬಾಯಲ್ಲಿ ಧೈರ್ಯ ಹೇಳಿ ಮನೆಗೆ ಬಂದೆ.

ಮೊದಲ ಮಧ್ಯಾಹ್ನ ಮೃಷ್ಟಾನ್ನ ಉಂಡು ಪಡಸಾಲೆಯಲ್ಲಿ ಚಾಪೆ ಹಾಸಿದೆ. ಕಣ್ಣು ಹತ್ತುವಷ್ಟರಲ್ಲಿ ಲಟ್ಟಣಿಗೆಗಳ ಸದ್ದು. ಎದ್ದು ನೋಡಿದರೆ ಓಣಿಯ ಹೆಂಗಸರೆಲ್ಲ ಹಪ್ಪಳದ ಹಿಟ್ಟು ಹಿಡಿದು ನನ್ನ ಸುತ್ತ ಕೂತಿದ್ದಾರೆ. ಎಷ್ಟೋ ವರ್ಷದಿಂದ ಮಧ್ಯಾಹ್ನದ ಆ ಪಡಸಾಲೆ ಅವರದೇ ಎಂಬುದು ಅದರ ಯಜಮಾನನಾದ ನನಗೆ ಅಂದೇ ತಿಳಿದದ್ದು. ಚಾಪೆ ಎತ್ತಿಕೊಂಡು ಒಳಗಿನ ಕೋಣೆಗೆ ಹೋದರೆ ಅಲ್ಲಿ ನೆಲದ ತುಂಬ ಹಪ್ಪಳ ಆರಹಾಕಿದ್ದರು. ಅಡುಗೆಮನೆಯಲ್ಲಿ ಬೆಕ್ಕು ಮಲಗಿತ್ತು, ಅದಕ್ಕೆ ನನಗಿಂತ ಹಳೆಯ ಹಕ್ಕಿತ್ತು. ಕೊನೆಗೆ ಎಮ್ಮೆಯ ಕೊಟ್ಟಿಗೆಯ ಮಗ್ಗುಲಲ್ಲಿ ಚಾಪೆ ಹಾಸಿದೆ. ಒಳಗಿಂದ ಯಾರೋ, ಅಯ್ಯ, ನಿಮ್ಮವರಿಗೆ ಮೈಯಾಗ ಆರಾಮಿಲ್ಲೇನ್ರಿ ಎಂದು ಕೇಳಿದ್ದು, ನೀಲಮ್ಮ ದನಿ ತಗ್ಗಿಸಿ ಏನೋ ಹೇಳಿದ್ದು, ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕಿದ್ದು ಕೇಳಿಸಿತು. ಎಮ್ಮೆಯೂ ಉಸಿರು ಬಿಟ್ಟಿತು.

ಮರುದಿನದಿಂದ ಇನ್ನೊಂದು ಪೀಡೆ. ನಾನು ಖಾಲಿ ಇದ್ದೇನೆ ಎಂಬುದು ಓಣಿಗೆ ಗೊತ್ತಾಯಿತು. ನಮ್ಮ ಕಡೆ ಮನುಷ್ಯ ಮನೆಯಲ್ಲಿ ಒಂದು ಗಳಿಗೆ ಸುಮ್ಮನೆ ಕೂತರೆ ಅವನನ್ನು ಎಬ್ಬಿಸುವುದು ಪುಣ್ಯದ ಕೆಲಸ. ಸೀಮೆಎಣ್ಣೆ ಪಾಳಿಗೆ ನಿಲ್ಲಲು ನಾನು. ಯಾರದೋ ಅತ್ತೆಯ ಹಲ್ಲು ಕೀಳಿಸಲು ಜಹೀರಾಬಾದಿಗೆ ಜೊತೆ ಹೋಗಲು ನಾನು. ಹೋಗಿ ನೋಡಿದರೆ ಆ ಮುದುಕಿ ಕುರ್ಚಿಯಲ್ಲಿ ಕೂಡಲು ಒಪ್ಪದೆ, ಮೊದಲು ಇವರದು ಕೀಳ್ರಿ, ನೋಡ್ತೀನಿ ಎಂದು ನನ್ನನ್ನು ತೋರಿಸಿದಳು. ನನ್ನ ಹಲ್ಲು ಉಳಿದದ್ದು ಹಿರಿಯರ ಪುಣ್ಯ. ಗಂಡ ಹೆಂಡತಿ ಜಗಳಕ್ಕೆ ಪಂಚನಾಗಲೂ ನಾನೇ. ಅವರಿಬ್ಬರೂ ಒಂದಾದ ಮೇಲೆ ಇಬ್ಬರೂ ನನ್ನ ಜೊತೆ ಮಾತು ಬಿಟ್ಟರು. ನೌಕರಿಯಲ್ಲಿದ್ದಾಗ ವಾರಕ್ಕೊಂದು ಸೂಟಿಯಾದರೂ ಇತ್ತು, ಈ ಆರಾಮಕ್ಕೆ ಅದೂ ಇರಲಿಲ್ಲ.

ಬೇಸತ್ತು ಒಂದು ದಿನ ಚಹಾ ಕುಡಿಯುವ ನೆಪ ಮಾಡಿ ಬಸ್ ಸ್ಟ್ಯಾಂಡಿಗೆ ಹೋದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ನಾನು ಹೋದದ್ದು ಅಲ್ಲಿನ ಗೊಂದಲ ನೋಡಿ ಸಂತೋಷಪಡಲು. ಜನ ಕಿಟಕಿಗೆ ಮುತ್ತಿರುತ್ತಾರೆ, ಯಾದಗಿರಿ ತಲೆಗೆ ಕೈ ಹೊತ್ತಿರುತ್ತಾನೆ, ನನ್ನನ್ನು ಕಂಡು ಓಡಿ ಬರುತ್ತಾನೆ ಎಂದುಕೊಂಡಿದ್ದೆ. ಹೋಗಿ ನೋಡಿದರೆ ಜನ ಸಾಲಾಗಿ ನಿಂತಿದ್ದಾರೆ. ಜಹೀರಾಬಾದ್ ಬಸ್ಸು ನನ್ನ ಕಣ್ಣೆದುರೇ ಸರಿಯಾದ ಹೊತ್ತಿಗೆ ಹೊರಟುಹೋಯಿತು. ಇಷ್ಟು ವರ್ಷ ಆ ಬಸ್ಸು ಹೊತ್ತಿಗೆ ಸರಿಯಾಗಿ ಹೊರಡಲಾರದ್ದಕ್ಕೆ ರಸ್ತೆಯೇ ಕಾರಣ ಎಂದು ನಾನು ಊರಿಗೆಲ್ಲ ಸಾರಿದ್ದೆ. ರಸ್ತೆ ಹಾಗೇ ಇತ್ತು. ಯಾದಗಿರಿ ಎದ್ದು ನಿಂತು, ಕೂರ್ಚೋಂಡಿ ಸಾರ್ ಎಂದು ಬಹಳ ಮರ್ಯಾದೆಯಿಂದ ನನಗೆ ಪ್ರಯಾಣಿಕರ ಬೆಂಚು ತೋರಿಸಿದ. ಪಕ್ಕದಲ್ಲಿ ಕೂತಿದ್ದ ಒಬ್ಬ ರೈತ ನನ್ನನ್ನು ನೋಡಿ, ಯಾವೂರಿಗ್ರಿ ಎಂದು ಕೇಳಿದ. ಎಲ್ಲಿಗೂ ಇಲ್ಲ ಅಂದೆ. ಇದನ್ನು ನಾನು ನೀಲಮ್ಮನಿಗೆ ಹೇಳಲಿಲ್ಲ.

ಇತ್ತ ನನಗೆ ತಿಳಿಯದ ಹಾಗೆ ಸುದ್ದಿ ಬಸ್ಸು ಹತ್ತಿತ್ತು. ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಯಾರೋ ಕಂಟ್ರೋಲರ್ ಸಾಹೇಬರು ಎಲ್ಲಿ ಎಂದಾಗ ಸೂಟಿಯ ಮೇಲಿದ್ದಾರೆ ಅಂದರಂತೆ. ಜಹೀರಾಬಾದ್ ಮುಟ್ಟುವಷ್ಟರಲ್ಲಿ ಬಿಡುತ್ತಾರಂತೆ ಎಂದಾಯಿತು. ಅಲ್ಲಿ ಬಸ್ಸು ಬದಲಿಸಿ ತಾಂಡೂರಿಗೆ ಹೋಗುವಾಗ ಬಿಟ್ಟರಂತೆ ಎಂದಾಯಿತು. ಬಶೀರಾಬಾದಿನಲ್ಲಿ ಇಳಿಯುವ ಹೊತ್ತಿಗೆ ಸರಕಾರದವರೇ ಹಾರ ಹಾಕಿ, ಇಂಥ ಮನುಷ್ಯ ಮತ್ತೆ ಸಿಗುವುದಿಲ್ಲ ಎಂದು ಅತ್ತು ಕಳಿಸಿದರಂತೆ ಎಂದಾಗಿತ್ತು. ನನಗೆ ಸಿಗದ ಆ ಮರ್ಯಾದೆಯನ್ನು ಪ್ರಯಾಣಿಕರು ದಾರಿಯಲ್ಲಿ ತಾವೇ ಕೂಡಿಸಿ ಕೊಟ್ಟಿದ್ದರು.

ಒಂದು ಬೆಳಿಗ್ಗೆ ನಮ್ಮ ಮನೆಯೆದುರು ಬಸ್ಸು ನಿಂತಿತು. ನಮ್ಮ ಮನೆ ಜಹೀರಾಬಾದ್ ರಸ್ತೆಯ ಮಗ್ಗುಲಿಗೇ ಇದೆ, ಆದರೆ ಅಲ್ಲಿ ಬಸ್ಸು ನಿಲ್ಲುವುದಿಲ್ಲ. ಅಂದು ನಿಂತಿತು. ಅಣ್ಣ, ಅತ್ತಿಗೆ, ಊರಿನ ನಾಲ್ಕು ಹಿರಿಯರು, ಒಂದು ಚೀಲ ಹೊಸ ತೊಗರಿ, ಮೇಲೊಂದು ಬಟ್ಟೆಯ ಗಂಟು ಇಳಿದವು. ಆಹೇರ ತಂದಿದ್ದರು. ನಮ್ಮಲ್ಲಿ ಮದುವೆ, ಮುಂಜಿ, ಮನೆ ಒಕ್ಕಲು, ಏನೇ ದೊಡ್ಡ ಕಾರ್ಯವಾದರೂ ಬೀಗರು ಬಿಜ್ಜರು ಬಟ್ಟೆ ತಂದು ಉಡಿಸುವುದುಂಟು, ಅದೇ ಆಹೇರ. ತಂದದ್ದನ್ನು ಬೇಡ ಅನ್ನುವ ಹಾಗಿಲ್ಲ, ಉಟ್ಟದ್ದನ್ನು ತಿರುಗಿಸುವ ಹಾಗಿಲ್ಲ. ಆಹೇರ ಆಯಿತೆಂದರೆ ಕಾರ್ಯ ಆಯಿತೆಂದೇ ಲೆಕ್ಕ. ನೌಕರಿ ಬಿಟ್ಟದ್ದಕ್ಕೆ ಆಹೇರ ಮಾಡಿದ್ದು ನಮ್ಮ ಮನೆತನದಲ್ಲಿ ಇದೇ ಮೊದಲು, ಏಕೆಂದರೆ ನೌಕರಿ ಹಿಡಿದದ್ದೂ ನಾನೊಬ್ಬನೇ.

ನಾನು ಅಣ್ಣನನ್ನು ಕೊಟ್ಟಿಗೆಯ ಕಡೆ ಕರೆದು ನಿಜ ಹೇಳಬೇಕೆಂದು ಎರಡು ಸಲ ಎದ್ದೆ. ಎರಡು ಸಲವೂ ಹಿರಿಯರು ಕೈ ಹಿಡಿದು ಕೂರಿಸಿದರು. ನೀಲಮ್ಮನ ಕಡೆ ನೋಡಿದೆ. ಅವಳು ಆಗಲೇ ಹೂರಣಕ್ಕೆ ಬೇಳೆ ಹಾಕಿ, ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಳುವಿಗೋ ನಗುವಿಗೋ ತಿಳಿಯಲಿಲ್ಲ, ನನ್ನ ಅನುಭವದಲ್ಲಿ ನಗುವಿಗೇ. ಓಣಿಯೆಲ್ಲ ಕೂಡಿತು. ಅಣ್ಣ ಎದ್ದು ನಿಂತ. ಅವನು ಮಾತಿನ ಮನುಷ್ಯನಲ್ಲ. ಎತ್ತಿನ ಜೊತೆ ಆಡುವಷ್ಟು ಮಾತನ್ನೂ ಮನುಷ್ಯರ ಜೊತೆ ಆಡದವನು. ಚಿಕ್ಕಂದಿನಲ್ಲಿ ನಾನು ಪಾಟಿ ಹಿಡಿದು ಶಾಲೆಗೆ ಹೋಗಲೆಂದು ಅವನು ಶಾಲೆ ಬಿಟ್ಟು ನೇಗಿಲು ಹಿಡಿದಿದ್ದ. ಅದನ್ನು ಅವನು ಯಾವತ್ತೂ ಎತ್ತಿ ಆಡಿಲ್ಲ, ನಾನೂ ಕೇಳಿಲ್ಲ. ಗಂಟು ಬಿಚ್ಚಿ ಕೇಸರಿ ರುಮಾಲು ತೆಗೆದು, ಸುತ್ತಿನ ಮೇಲೆ ಸುತ್ತು ನನ್ನ ತಲೆಗೆ ಸುತ್ತಿದ.

“ಅಪ್ಪ ಇದ್ದಿದ್ರ ಅಪ್ಪನ ಕಟ್ತಿದ್ದ. ಹೋಗುವಾಗ ತಲಿ ಬಗ್ಗಿಸಿ ಹೋಗಿದ್ದಿ, ತಲಿ ಎತ್ಕೊಂಡು ಬಂದೀ. ನಂಗ ಇಷ್ಟು ಸಾಕು ತಮ್ಮಾ.”

ಇಷ್ಟಾದ ಮೇಲೆ ಯಾವ ಗಂಡಸು ಬಾಯಿ ತೆರೆದು, ಅಣ್ಣಾ, ನಾನು ಬರೀ ಸೂಟಿಯ ಮೇಲಿದ್ದೇನೆ ಎಂದು ಹೇಳಿಯಾನು? ನಾನು ಬಿಕ್ಕಿ ಬಿಕ್ಕಿ ಅತ್ತೆ. ಪಾಪ, ನೌಕರಿಯ ಮೇಲೆ ಎಷ್ಟು ಜೀವ ಇತ್ತು ನೋಡ್ರಿ ಎಂದು ಓಣಿಯವರೂ ಅತ್ತರು. ಹೋಳಿಗೆ ಉಂಡು, ಎಲೆ ಹಾಕಿ, ಅಣ್ಣ ನನ್ನನ್ನು ಊರಿಗೆ ಕರೆದುಕೊಂಡೇ ಹೊರಟ. ಇನ್ನು ಮೇಲೆ ಇಬ್ಬರೂ ಕೂಡಿ ಹೊಲ ಮಾಡೋಣ ಎಂದ. ರುಮಾಲಿನ ಸಮೇತ ಸ್ಟ್ಯಾಂಡಿಗೆ ಹೋಗಿ ಬಸ್ಸು ಹತ್ತಿದೆ. ಯಾದಗಿರಿ ಕಿಟಕಿಯಿಂದ ಎದ್ದು ನಿಂತು ನಮಸ್ಕಾರ ಮಾಡಿದ್ದು ಕಂಡು ನಾನು ರುಮಾಲನ್ನು ಹುಬ್ಬಿನವರೆಗೆ ಎಳೆದುಕೊಂಡೆ.

ಹೊಲದಲ್ಲಿ ತೊಗರಿ ಕೊಯ್ಲು ನಡೆದಿತ್ತು. ನಾನು ಕುಡುಗೋಲು ಹಿಡಿದರೆ ಕೊಯ್ಯುವ ಹೆಂಗಸರು ನಾಲ್ಕು ಹೆಜ್ಜೆ ದೂರ ಸರಿದು ಕೊಯ್ಯುತ್ತಿದ್ದರು. ಬಂಡಿ ತುಂಬಿ ನಿಂತಾಗ, ಇದಾದರೂ ನನಗೆ ಬರುವ ವಿದ್ಯೆ ಎಂದು ಜೇಬಿನಿಂದ ಸೀಟಿ ತೆಗೆದು ಊದಿದೆ. ಎತ್ತುಗಳು ಹೊರಟವು, ಅದೇನೋ ನಿಜ. ಆದರೆ ರಸ್ತೆ ಬಿಟ್ಟು, ಜೋಳದ ಹೊಲ ಹೊಕ್ಕು, ಹಳ್ಳದ ಕಡೆ ಹೊರಟವು. ತೊಗರಿಯೆಲ್ಲ ಜೋಳದ ನಡುವೆ ಚೆಲ್ಲಿತು. ಅಣ್ಣ ಬಯ್ಯಲಿಲ್ಲ. ಎತ್ತುಗಳನ್ನು ಹಿಡಿದು ತಂದು, ಮೈ ಸವರಿ, ಬೇವಿನ ಕೆಳಗೆ ನನ್ನ ಪಕ್ಕ ಬಂದು ಕೂತ. ಬೇವಿನ ನೆರಳು, ಬುತ್ತಿ, ಮಧ್ಯಾಹ್ನ, ಎಲ್ಲ ನಾನು ಕನಸಿನಲ್ಲಿ ಕಂಡ ಹಾಗೇ ಇತ್ತು. ನಿದ್ದೆ ಮಾತ್ರ ಬರಲಿಲ್ಲ. ದೂರದಲ್ಲಿ ತಾಂಡೂರಿನ ಬಸ್ಸು ಹೋಗುವ ಸದ್ದು ಕೇಳಿಸಿತು. ನಾನು ಅರಿವಿಲ್ಲದೆ, ಇವತ್ತು ತಡ ಆತು ಅಂದೆ. ಅಣ್ಣ ನನ್ನ ಮುಖ ನೋಡಿದ. ಆಗ ಎಲ್ಲ ಹೇಳಿಬಿಟ್ಟೆ, ಸೂಟಿಯದು, ಬೆಂಚಿನದು, ಯಾವೂರಿಗ್ರಿ ಎಂದು ಕೇಳಿದ ರೈತನದು. ಅಣ್ಣ ಬುತ್ತಿಯ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟ. ಅವನ ಮುಖ ಸಣ್ಣಗಾದದ್ದು ನನಗೆ ಕಂಡಿತು, ಜೊತೆಗೊಬ್ಬ ತಮ್ಮ ಬಂದ ಎಂದು ಅವನು ಖರೇ ನಂಬಿದ್ದ.

“ಹೋಗು, ನೌಕರಿ ಮಾಡು. ಆದ್ರ ನಿಂದು ಆಹೇರ ಆಗಿ ಹೋಗ್ಯದ, ನೆನಪಿಡು. ಖರೇನ ಬಿಟ್ಟಾಗ ಮತ್ತ ತರಂಗಿಲ್ಲ. ಒಂದು ಕಾರ್ಯಕ್ಕ ಎರಡು ಸರ್ತಿ ಹೊದಸಂಗಿಲ್ಲ. ಎರಡನೇ ಸರ್ತಿ ಹೊದಸೋದು ಬ್ಯಾರೆ ಕಾರ್ಯಕ್ಕ.”

ಅದು ಯಾವ ಕಾರ್ಯ ಎಂದು ನಾನು ಕೇಳಲಿಲ್ಲ. ತಿಂಗಳು ಮುಗಿದ ಮರುದಿನ ಹೋಗಿ ನನ್ನ ಕಿಟಕಿಯಲ್ಲಿ ಕೂತೆ. ಯಾದಗಿರಿಯನ್ನು ಬೇರೆ ಊರಿಗೆ ಹಾಕಿದರು. ಹೋಗುವಾಗ ಪಾಪದವನು ನನ್ನ ಕಾಲು ಮುಟ್ಟಿದ. ಊರ ಮಂದಿ ನಾಲ್ಕು ದಿನ ನಕ್ಕರು. ರುಮಾಲು ಎಲ್ಲಿ ಎಂದು ಕಿಟಕಿಯಲ್ಲಿ ಬಗ್ಗಿ ನೋಡಿದರು. ಆದರೆ ನಿಮಗೊಂದು ಗುಟ್ಟು ಹೇಳುತ್ತೇನೆ, ನೌಕರಿಯ ಸುಖ ನನಗೆ ಸಿಕ್ಕಿದ್ದೇ ಆಮೇಲೆ. ಮಂದಿ ಕಿಟಕಿಗೆ ಮುತ್ತಿ ಕೂಗಾಡಿದರೆ, ಕೂಗಲಿ ಬಿಡು, ನನ್ನದು ಆಹೇರ ಆಗಿದೆ ಎಂದುಕೊಳ್ಳುತ್ತಿದ್ದೆ. ಮೇಲಿನವರು ಗದರಿದರೆ, ಇವರಿಗೆ ಪಾಪ ಗೊತ್ತಿಲ್ಲ, ನಾನು ಬಿಟ್ಟು ಎಷ್ಟೋ ದಿನವಾಯಿತು ಎಂದು ಒಳಗೊಳಗೇ ನಗುತ್ತಿದ್ದೆ. ಬಸ್ಸು ಬಂತಾ ಎಂದರೆ ಎದ್ದು ಹೊರಗೆ ಬಂದು, ತೋಳು ಹಿಡಿದು, ಬಸ್ಸಿನವರೆಗೆ ಬಿಟ್ಟು ಬರುತ್ತಿದ್ದೆ. ಜಹೀರಾಬಾದ್ ಬಸ್ಸೂ ಹೊತ್ತಿಗೆ ಹೊರಡತೊಡಗಿತು. ಪುಕ್ಕಟೆ ಸೇವೆ ಮಾಡುವವನಿಗೆ ಬೇಸರವೆಲ್ಲಿಯದು? ಹಣಮಂತ ಇನ್ನೊಮ್ಮೆ ಬಂದಾಗ ಅವನ ಮುಖದ ಕಳೆ ಇಳಿದಿತ್ತು. ಮಧ್ಯಾಹ್ನ ಮಲಗಿದರೆ ರಾತ್ರಿ ನಿದ್ದೆ ಬರುವುದಿಲ್ಲ, ನಿಮ್ಮ ಫ್ಯಾಕ್ಟರಿ ಬಿಟ್ಟು ಮನೆಗೆ ಬಂದು ನಮ್ಮ ಜೀವ ತಿಂದಿರಿ ಎಂದು ಹೆಂಡತಿ ಅನ್ನುತ್ತಾಳೆ ಎಂದು ನನ್ನ ಬೆಂಚಿನ ಮೇಲೆ ಕೂತು ಗೋಳಾಡಿದ.

ಹೀಗೆ ವಯಸ್ಸು ತುಂಬುವವರೆಗೆ ದುಡಿದು, ಕೊನೆಗೆ ಖರೇನೇ ಬಿಟ್ಟೆ. ಸ್ಟ್ಯಾಂಡಿನವರು ಚಹಾ ಕುಡಿಸಿದರು, ಹಾರ ಹಾಕಲಿಲ್ಲ. ನಿಮ್ಮದು ಆಗ್ಯದಲ್ಲರಿ ಎಂದರು. ಓಣಿಯವರೂ ಅದನ್ನೇ ಅಂದರು. ಬಶೀರಾಬಾದಿನಿಂದ ಯಾರೂ ಬರಲಿಲ್ಲ. ಅಣ್ಣ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು ಎಂದು ಗೊತ್ತಿದ್ದರೂ ಎರಡು ದಿನ ರಸ್ತೆಯ ಕಡೆ ನೋಡಿದೆ, ಮನಸ್ಸಿಗೆ ಬಹಳ ನೋವಾಯಿತು. ಆ ಹಳೆಯ ರುಮಾಲನ್ನಾದರೂ ಒಮ್ಮೆ ಸುತ್ತಿಕೊಳ್ಳೋಣ ಎಂದು ಟ್ರಂಕು ತೆಗೆದರೆ ರುಮಾಲಿಲ್ಲ. ನೀಲಮ್ಮನನ್ನು ಕೇಳಿದೆ. ಅವಳು ಮಾಳಿಗೆಯ ಕಡೆ ಕೈ ತೋರಿಸಿದಳು. ಹೋಗಿ ನೋಡಿದರೆ ನನ್ನ ಮರ್ಯಾದೆಯ ಕೇಸರಿ ರುಮಾಲು ಮಾಳಿಗೆಯ ಉದ್ದಕ್ಕೂ ಹಾಸಿದೆ, ಅದರ ಮೇಲೆ ಸಾಲು ಸಾಲಾಗಿ ಸಂಡಿಗೆ ಒಣಗುತ್ತಿವೆ. ಇಷ್ಟು ಉದ್ದದ ಗಟ್ಟಿ ಬಟ್ಟೆ ಪೇಟೆಯಲ್ಲೂ ಸಿಗುವುದಿಲ್ಲ ಎಂದು ಕೆಳಗಿನಿಂದಲೇ ಹೊಗಳಿದಳು. ಜೊತೆಗೆ, ಹೇಗೂ ಮೇಲೆ ಹೋಗಿದ್ದೀರಿ, ಕಾಗೆ ಬರುತ್ತವೆ, ನೋಡಿಕೊಂಡು ಕೂತಿರಿ ಎಂದಳು.

ಕೂತೆ. ಅದೇ ಈಗ ನನ್ನ ಉದ್ಯೋಗ. ಮೊದಲ ದಿನವೇ ಒಂದು ಮುದಿ ಕಾಗೆ ಬಂದು ರುಮಾಲಿನ ಅಂಚಿಗೆ ಕೂತಿತು. ಕೈ ಬೀಸಿದೆ, ಕದಲಲಿಲ್ಲ. ಮೂರು ಭಾಷೆಯಲ್ಲಿ ಬೈದೆ, ಕತ್ತು ಓರೆ ಮಾಡಿ ಕೇಳಿಸಿಕೊಂಡಿತು. ಸಿಟ್ಟು ನೆತ್ತಿಗೇರಿ ಜೇಬಿನಿಂದ ಸೀಟಿ ತೆಗೆದು, ಉಸಿರು ಬಿಗಿಹಿಡಿದು ಊದಿದೆ. ಕಾಗೆ ಕೂತಲ್ಲೇ ಕೂತಿತ್ತು. ಕೆಳಗೆ ರಸ್ತೆಯಲ್ಲಿ ಸ್ಟ್ಯಾಂಡಿನ ಕಡೆ ಬರುತ್ತಿದ್ದ ಜಹೀರಾಬಾದ್ ಬಸ್ಸು ಗಕ್ಕನೆ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ ಹಿಂದೆ ನೋಡಿದ, ಕಂಡಕ್ಟರ್ ಇಳಿದು ಅತ್ತಿತ್ತ ನೋಡಿದ, ಯಾರೂ ಕಾಣದೆ ಮೇಲೆ ನೋಡಿದ. ನನ್ನ ಮೈ ಜುಮ್ಮೆಂದಿತು. ನಾಚಿಕೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ, ಎಷ್ಟು ಸಂತೋಷವಾಯಿತೆಂದರೆ ಇನ್ನೊಮ್ಮೆ ಊದಬೇಕೆನಿಸಿತು. ಅಷ್ಟರಲ್ಲಿ ಬಸ್ಸಿನ ಹಿಂದಿನ ಬಾಗಿಲಿನಿಂದ ಒಬ್ಬ ಮುದುಕ ನಿಧಾನವಾಗಿ ಇಳಿದ. ಕಂಕುಳಲ್ಲಿ ಬಟ್ಟೆಯ ಗಂಟು. ನಮ್ಮಣ್ಣ.

ಬಸ್ಸು ಹೋಯಿತು. ಅಣ್ಣ ರಸ್ತೆಯಲ್ಲೇ ನಿಂತು ಹಣೆಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದ, ಸೀಟಿಯನ್ನು ನೋಡಿದ, ಹೋಗುತ್ತಿದ್ದ ಬಸ್ಸನ್ನು ನೋಡಿದ. ನಾನು ಮೆಟ್ಟಿಲಿಳಿದು ಓಡಿದೆ. ಆಹೇರ ಎರಡನೆಯ ಸಲ ತಂದಿದ್ದಾನೆ, ಊರ ಹಿರಿಯರನ್ನು ಹೇಗೋ ಒಪ್ಪಿಸಿ ತಂದಿದ್ದಾನೆ ಎಂದು ತಿಳಿದು ನನ್ನ ಕಣ್ಣು ತುಂಬಿದವು. ರುಮಾಲು ಕಟ್ಟಿಸಿಕೊಳ್ಳಲು ತಲೆ ಬಗ್ಗಿಸಿದೆ. ಅಣ್ಣ ಗಂಟನ್ನು ಬಿಚ್ಚಲಿಲ್ಲ.

“ಖರೇನ ಬಿಟ್ಟೀಯಂತ ಕೇಳಿ ಬಂದೆ. ಎಲ್ಲಿ ಬಿಟ್ಟೀಯೋ ತಮ್ಮಾ? ಇನ್ನೂ ಬಸ್ ನಿಲ್ಲಸಾಕತ್ತೀ.”

ಕಾಗೆಗೆ ಊದಿದ್ದು ಎಂದು ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಎರಡು ದಿನ ಇದ್ದು, ಸಂಡಿಗೆ ತಿಂದು, ನನ್ನ ಜೊತೆ ಮಾಳಿಗೆಯ ಮೇಲೆ ಕೂತು ಕಾಗೆ ಕಾಯ್ದು, ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಊರಿಗೆ ಹೋದ. ಖರೇನೇ ಬಿಟ್ಟ ದಿನ ಹೇಳಿ ಕಳಿಸು, ಬರುತ್ತೇನೆ ಎಂದು ಹೋದ. ಆ ಗಂಟು ಈಗಲೂ ಬಶೀರಾಬಾದಿನಲ್ಲೇ ಇದೆ. ಹೇಳಿ ಕಳಿಸಬೇಕೆಂದು ದಿನಾ ಅಂದುಕೊಳ್ಳುತ್ತೇನೆ. ಆದರೆ ಬೆಳಗಿನ ಜಹೀರಾಬಾದ್ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಆ ಕಾಗೆಯೂ ಬರುತ್ತದೆ, ನಾನೇನು ಮಾಡಲಿ.